ನೇಮದ ಆಮಂತ್ರಣಕ್ಕೆ ಹೊಸ ದಾರಿ ನಕ್ಷೆ

ಕಾಸರಗೋಡು ಜಿಲ್ಲೆಯ ಸೀತಾಂಗೋಳಿ ಮತ್ತು ನೀರ್ಚಾಲಿನ ನಡುವೆ, ಮುಖ್ಯರಸ್ತೆಯಿಂದ ಒಳಗೆ ಇಳಿದರೆ ಸಿಗುವ ತರವಾಡು ಮನೆಯೊಂದರಲ್ಲಿ, ಅಂದರೆ ಕುಟುಂಬದ ಮೂಲಮನೆಯಲ್ಲಿ, ದೈವದ ನೇಮ. ಆಮಂತ್ರಣ ಪತ್ರಿಕೆಯ ಅಕ್ಷರ ಜೋಡಣೆ, ವಿನ್ಯಾಸ ಎಲ್ಲವೂ ನನ್ನ ಪಾಲಿಗೆ ಬರುವ ಕೆಲಸ. ಹಿಂಬದಿಗೆ ಹಾಕುವ ದಾರಿ ನಕ್ಷೆಯನ್ನು ಮಾತ್ರ ಈ ಸಲ ಮೊದಲಿನಿಂದ ಬಿಡಿಸಬೇಕಾಯಿತು. ಹೆದ್ದಾರಿ 66 ತಲಪಾಡಿಯಿಂದ ಚೆಂಗಳದವರೆಗೆ, 39 ಕಿಲೋಮೀಟರ್ ಉದ್ದಕ್ಕೂ ಷಟ್ಪಥವಾಗಿದೆ. ಹಳೆಯ ನಕ್ಷೆಯಲ್ಲಿ ಕುಂಬಳೆ ಪೇಟೆಯ ಎದುರು ಹೆದ್ದಾರಿಯಿಂದ ನೇರ ಎಡಕ್ಕೆ ಒಂದು ಬಾಣವಿತ್ತು. ಈಗ ಮುಖ್ಯ ಪಥದಲ್ಲಿ ಬರುವವನಿಗೆ ಪೇಟೆ ಪಕ್ಕದಲ್ಲೇ ಕಾಣುತ್ತದೆ, ಆದರೆ ಅಲ್ಲಿ ಹೊರಳಲು ಎಡೆ ಇಲ್ಲ. ಅದಕ್ಕೂ ಎಷ್ಟೋ ಮೊದಲು ಸರ್ವಿಸ್ ರಸ್ತೆಗೆ ಇಳಿದಿರಬೇಕು. ಇಳಿಯದವನು ಮೊಗ್ರಾಲಿನ ಕಡೆಗೆ ಹೋಗಿ ತಿರುಗಿ ಬರಬೇಕು.

ಫೋನಿಗೆ ಒಂದು ಲಿಂಕ್ ಕಳುಹಿಸಿದರೆ ಸಾಲದೇ ಎಂದು ಮನೆಯ ಮಗ ಕೇಳಿದ. ಯಜಮಾನರು, ನಾನು ಮಾವ ಎಂದೇ ಕರೆಯುವವರು, ಒಪ್ಪಲಿಲ್ಲ. "ಪದವಿನ ಮೇಲೆ ನೆಟ್‌ವರ್ಕ್ ಇದೆ, ಇಳಿಜಾರಿನಲ್ಲಿ ಇಲ್ಲ. ನಮ್ಮ ಮನೆ ಇರುವುದು ಇಳಿದ ಮೇಲೆ. ಕಾಗದದಲ್ಲಿ ಸರಿಯಾಗಿ ಹಾಕಿ ಕೊಡು." ಮಾತು ನಿಜ. ಪದವು ಅಂದರೆ ಮುರಕಲ್ಲಿನ ಎತ್ತರದ ಬಯಲು. ಅದನ್ನು ದಾಟಿ ತೋಟದ ಕಡೆಗೆ ಇಳಿಯುವಲ್ಲೇ ಫೋನು ಮೂಕವಾಗುತ್ತದೆ. ದಾರಿ ತಪ್ಪುವುದೂ ಅಲ್ಲೇ.

ಬಳಸಿದ ತಂತ್ರಾಂಶ ಇಂಕ್‌ಸ್ಕೇಪ್. 2003ರಿಂದ ಇರುವ, ಚಿತ್ರ ಬಿಡಿಸುವ ಮುಕ್ತ ತಂತ್ರಾಂಶ, ದುಡ್ಡು ಕೊಡಬೇಕಾಗಿಲ್ಲ, ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ನಡೆಯುತ್ತದೆ. ಗೆರೆಗಳನ್ನು ಚುಕ್ಕಿಗಳಾಗಿ ಉಳಿಸದೆ ಗಣಿತದ ರೇಖೆಗಳಾಗಿ ಉಳಿಸುವುದರಿಂದ ಅಂಗೈಯಷ್ಟು ನಕ್ಷೆಯನ್ನು ಬಾಗಿಲಿನಷ್ಟು ದೊಡ್ಡದು ಮಾಡಿದರೂ ಅಂಚು ಮಸುಕಾಗುವುದಿಲ್ಲ. ನಮ್ಮ ಕಡೆಯ ಡಿಟಿಪಿ ಅಂಗಡಿಗಳಲ್ಲಿ ಕೋರೆಲ್‌ಡ್ರಾ ಬಳಕೆ ಹೆಚ್ಚು. ಅದರಲ್ಲಿ ಮಾಡುವವರಿಗೂ ಇಲ್ಲಿನ ಹೆಜ್ಜೆಗಳು ಹೆಚ್ಚುಕಡಿಮೆ ಹಾಗೆಯೇ ಹೊಂದುತ್ತವೆ, ಗುಂಡಿಗಳ ಹೆಸರು ಬೇರೆ ಅಷ್ಟೆ.

ಪುಟದ ಅಳತೆ ಎ5, ಅಂದರೆ 148 ಮತ್ತು 210 ಮಿಲಿಮೀಟರ್. ನಕ್ಷೆಗೆ ಸಿಕ್ಕ ಜಾಗ 130 ಅಗಲ, 90 ಎತ್ತರ. ಡಾಕ್ಯುಮೆಂಟ್ ಪ್ರಾಪರ್ಟೀಸ್‌ನಲ್ಲಿ ಅಳತೆಯ ಮಾನವನ್ನು ಮಿಲಿಮೀಟರ್ ಮಾಡಿ, 5 ಮಿಲಿಮೀಟರಿನ ಚೌಕುಳಿ ಗೆರೆಗಳ ಗ್ರಿಡ್ ಹಾಕಿದೆ. ಪಿಕ್ಸೆಲ್‌ನಲ್ಲಿ ಕೆಲಸ ಮಾಡಿದರೆ ಅಚ್ಚಿನಲ್ಲಿ ಗೆರೆ ಎಷ್ಟು ದಪ್ಪ ಬರುತ್ತದೆ ಎಂಬ ಅಂದಾಜೇ ಸಿಗುವುದಿಲ್ಲ.

ತಳಕ್ಕೆ, ಜನರೇ ಸೇರಿ ಮಾಡಿದ ಮುಕ್ತ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ಬೇಕಾದ ಪ್ರದೇಶದ ಚಿತ್ರ ಇಳಿಸಿಕೊಂಡೆ. ಗೂಗಲ್ ನಕ್ಷೆಯ ಮೇಲೆ ಗೆರೆ ಎಳೆದು ನಕಲು ತೆಗೆಯಲು ಅವರ ನಿಯಮ ಒಪ್ಪುವುದಿಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್ ಒಪ್ಪುತ್ತದೆ. ಅದರ ಕೊಡುಗೆದಾರರ ಹೆಸರನ್ನು ಸ್ಮರಿಸುವ ಒಂದು ಸಾಲು ಅಂಚಿನಲ್ಲಿ ಇರಬೇಕು, ಅಷ್ಟೆ. ಆ ಸಾಲನ್ನು ನಾನು ತಪ್ಪದೆ ಹಾಕುತ್ತೇನೆ. ಯಾರೋ ಊರೂರು ಸುತ್ತಿ ಕೈಯಿಂದ ಗುರುತು ಮಾಡಿದ ದಾರಿ ಅದು. ಆ ಚಿತ್ರವನ್ನು ಕೆಳಗಿನ ಲೇಯರಿನಲ್ಲಿಟ್ಟು (ಲೇಯರ್ ಎಂದರೆ ಒಂದರ ಮೇಲೊಂದು ಇಡುವ ಪಾರದರ್ಶಕ ಹಾಳೆಯಂತಹ ಪದರ), ಮಸುಕು ಮಾಡಿ, ಬೀಗ ಹಾಕಿದೆ. ಅದರ ಮೇಲೆ ದಾರಿ, ಗುರುತು, ಹೆಸರು ಎಂದು ಬೇರೆ ಬೇರೆ ಲೇಯರು.

ಗೆರೆ ಎಳೆಯುವ ಮೊದಲು ಸ್ಕೂಟರ್ ತೆಗೆದುಕೊಂಡು ರಾತ್ರಿಯೇ ಹೊರಟೆ. ಹಗಲಲ್ಲಿ ನೋಡಿದ ಗುರುತುಗಳನ್ನು ನಂಬಿ ನೇಮದ ನಕ್ಷೆ ಬಿಡಿಸಬಾರದು. ದೈವದ ಒಡವೆ, ಆಯುಧಗಳ ಭಂಡಾರ ಇಳಿಯುವುದು ಸಂಜೆ, ಕೋಲ ನಡೆಯುವುದು ರಾತ್ರಿ, ದೂರದ ನೆಂಟರು ಬರುವುದು ಊಟದ ಹೊತ್ತಿಗೆ. ಹಳೆಯ ಪತ್ರಿಕೆಯಲ್ಲಿ ತಿರುವಿಗೆ ಗುರುತಾಗಿ ಒಂದು ದೊಡ್ಡ ಗೋಳಿಮರವಿತ್ತು. ಹಗಲು ಅದಕ್ಕಿಂತ ಒಳ್ಳೆಯ ಗುರುತು ಇಲ್ಲ, ರಾತ್ರಿ ಕಾರಿನ ಬೆಳಕಿಗೆ ಅದು ಎಲ್ಲ ಮರಗಳಲ್ಲಿ ಒಂದು. ಅಂಗಡಿಗಳ ಹೆಸರು ಕೂಡ ಹಾಗೆಯೇ. ಶಟರ್ ಎಳೆದ ಮೇಲೆ ಬೋರ್ಡಿನ ದೀಪವೂ ಆರುತ್ತದೆ.

ರಾತ್ರಿಯೂ ಕಾಣುವುದು ಯಾವುದು? ಪೆಟ್ರೋಲ್ ಪಂಪ್. ಮಸೀದಿಯ ಮಿನಾರು. ಬೇಳದ ಇಗರ್ಜಿ, ಅಂದರೆ ಚರ್ಚು. ಬಣ್ಣ ಬಳಿದ ಬಸ್ ತಂಗುದಾಣದ ಗೋಡೆ ಕಾರಿನ ದೀಪಕ್ಕೆ ಬೆಳ್ಳಗೆ ಹೊಳೆಯುತ್ತದೆ. ಸೀತಾಂಗೋಳಿಯಲ್ಲಿ ಎಚ್.ಎ.ಎಲ್. ಕಾರ್ಖಾನೆಯ ಹೆಸರು ಹೇಳಿದರೆ ಯಾರಾದರೂ ದಾರಿ ತೋರಿಸುತ್ತಾರೆ. ಕೊನೆಯ ತಿರುವಿನಲ್ಲಿ ನಾನು ಗುರುತು ಮಾಡಿಕೊಂಡಿದ್ದು ಒಂದು ಗೂಡಂಗಡಿ. ಸೀತಾಂಗೋಳಿ ಸ್ಟ್ಯಾಂಡಿನ ಆಟೊ ಚಾಲಕರಿಗೆ ಕೈಬರಹದ ಕಚ್ಚಾ ನಕ್ಷೆ ತೋರಿಸಿದಾಗ ಅವರು ಅದರ ಮೇಲೆ ಬೆರಳಿಟ್ಟರು. "ಎಂಟು ಗಂಟೆಗೆ ಇದು ಮುಚ್ಚುತ್ತದೆ ಅಣ್ಣ. ಎದುರಿನ ಟ್ರಾನ್ಸ್‌ಫಾರ್ಮರ್ ಹಾಕಿ. ಸುತ್ತ ಬೇಲಿ ಇದೆ, ಲೈಟು ಬಿದ್ದರೆ ಹೊಳೆಯುತ್ತದೆ." ಹಾಗೆಯೇ ಆಯಿತು. ದಿನವೂ ಆ ದಾರಿಯಲ್ಲಿ ಬಾಡಿಗೆ ಹೋಗುವವರಿಗಿಂತ ಚೆನ್ನಾಗಿ ಇದನ್ನು ಹೇಳುವವರು ಯಾರಿದ್ದಾರೆ?

ಇನ್ನು ಗೆರೆಗಳು. ನಮ್ಮ ಪ್ರದೇಶದ ರಸ್ತೆಗಳನ್ನು ಮೇಲಿನಿಂದ ನೋಡಿದರೆ ಆಕಾರ ಸರಳವಾಗಿದೆ. ಎಡಕ್ಕೆ ಕಡಲ ಬದಿಯಲ್ಲಿ ಹೆದ್ದಾರಿ: ತಲಪಾಡಿ, ಮಂಜೇಶ್ವರ, ಉಪ್ಪಳ, ಬಂದಿಯೋಡು, ಶಿರಿಯ ಸೇತುವೆ, ಆರಿಕ್ಕಾಡಿ, ಕುಂಬಳೆ, ಕಾಸರಗೋಡು. ಬಲಕ್ಕೆ ಒಳನಾಡಿನಲ್ಲಿ ಚೆರ್ಕಳದಿಂದ ಬದಿಯಡ್ಕ, ಪೆರ್ಲ, ಅಡ್ಕಸ್ಥಳ ದಾಟಿ ವಿಟ್ಲ, ಕಲ್ಲಡ್ಕಕ್ಕೆ ಹೋಗುವ ರಸ್ತೆ. ಈ ಎರಡನ್ನೂ ಏಣಿಯ ಮೆಟ್ಟಿಲಿನ ಹಾಗೆ ಅಡ್ಡಡ್ಡಲಾಗಿ ಸೇರಿಸುವುದು ಕುಂಬಳೆಯಿಂದ ನಾಯ್ಕಾಪು, ಸೀತಾಂಗೋಳಿ, ನೀರ್ಚಾಲಿನ ಮೂಲಕ ಬದಿಯಡ್ಕಕ್ಕೆ ಹೋಗುವ ದಾರಿ. ಮನೆಯ ಕಡೆಗೆ ಇಳಿಯುವುದು ಈ ಅಡ್ಡದಾರಿಯಿಂದ. ಕೆಳಗಿನಿಂದ, ವಿದ್ಯಾನಗರ, ಉಳಿಯತ್ತಡ್ಕದ ಮೂಲಕ ಬಂದು ಸೀತಾಂಗೋಳಿಯಲ್ಲಿ ಸೇರುವ ಇನ್ನೊಂದು ದಾರಿ ಕಾಸರಗೋಡಿನವರಿಗೆ.

ಈ ಆಕಾರ ಕಣ್ಣಿಗೆ ಬಿದ್ದ ಮೇಲೆ ನಿಜವಾದ ಅಂಕುಡೊಂಕುಗಳನ್ನು ಬಿಟ್ಟುಬಿಟ್ಟೆ. ಪದವಿನ ರಸ್ತೆಗಳು ಸುತ್ತಿ ಬಳಸಿ ಹೋಗುತ್ತವೆ, ಆದರೆ ಕಾರಿನಲ್ಲಿ ಕುಳಿತವನಿಗೆ ಆ ಸುತ್ತುಗಳು ಬೇಕಾಗಿಲ್ಲ. ರಸ್ತೆ ಹೇಗೂ ಅವನನ್ನು ಕರೆದೊಯ್ಯುತ್ತದೆ. ಅವನು ತಲೆ ಕೆಡಿಸಿಕೊಳ್ಳುವುದು ರಸ್ತೆ ಕವಲೊಡೆಯುವಲ್ಲಿ ಮಾತ್ರ. ಲಂಡನ್ನಿನ ನೆಲದಡಿಯ ರೈಲಿನ ನಕ್ಷೆಯನ್ನು ಹ್ಯಾರಿ ಬೆಕ್ ಎಂಬ ಎಂಜಿನಿಯರಿಂಗ್ ನಕ್ಷೆಗಾರ 1931ರಲ್ಲಿ ಹೀಗೆ ನೇರ ಗೆರೆ ಮತ್ತು 45 ಡಿಗ್ರಿಯ ಓರೆಗಳಲ್ಲಿ ಬಿಡಿಸಿದ, 1933ರಲ್ಲಿ ಅದು ಅಚ್ಚಾಗಿ ಜನರ ಕೈಗೆ ಬಂತು. ನಿಲ್ದಾಣಗಳ ನಡುವಿನ ನಿಜವಾದ ದೂರವನ್ನು ಅವನು ಕಡೆಗಣಿಸಿದ. ಎಲ್ಲಿ ಹತ್ತಬೇಕು, ಎಲ್ಲಿ ಬದಲಿಸಬೇಕು ಎಂಬುದಷ್ಟೇ ಉಳಿಯಿತು. ನಾನೂ ಅದನ್ನೇ ಹಿಡಿದೆ. ತಲಪಾಡಿಯಿಂದ ಕುಂಬಳೆಯವರೆಗಿನ ಉದ್ದ ಹೆದ್ದಾರಿಗೆ ನಕ್ಷೆಯಲ್ಲಿ ಸಿಕ್ಕಿದ್ದು 25 ಮಿಲಿಮೀಟರ್. ಮುಖ್ಯರಸ್ತೆಯಿಂದ ಮನೆಯವರೆಗಿನ ಮಣ್ಣಿನ ದಾರಿಗೆ ಅದಕ್ಕಿಂತ ಹೆಚ್ಚು ಜಾಗ ಕೊಟ್ಟೆ. ಪ್ರತಿ ತುಂಡಿನ ಪಕ್ಕದಲ್ಲಿ ಕಿಲೋಮೀಟರ್ ಬರೆದೆ, ಕೆಳಗೆ "ಅಳತೆಗೆ ತಕ್ಕಂತೆ ಬಿಡಿಸಿದ್ದಲ್ಲ" ಎಂಬ ಸಣ್ಣ ಸಾಲು.

ಇಂಕ್‌ಸ್ಕೇಪ್‌ನ ಪೆನ್ ಉಪಕರಣದಲ್ಲಿ ಕಂಟ್ರೋಲ್ ಕೀಲಿ ಒತ್ತಿ ಹಿಡಿದರೆ ಗೆರೆ 15 ಡಿಗ್ರಿಯ ಹೆಜ್ಜೆಯಲ್ಲೇ ತಿರುಗುತ್ತದೆ. ಹಾಗಾಗಿ 45 ಸುಲಭವಾಗಿ ಸಿಗುತ್ತದೆ. ಎಲ್ಲ ದಾರಿಯನ್ನೂ ನೇರ ತುಂಡುಗಳಲ್ಲಿ ಎಳೆದ ಮೇಲೆ, ಪಾತ್ ಎಫೆಕ್ಟ್ಸ್‌ನಲ್ಲಿರುವ ಕಾರ್ನರ್ಸ್ ಹಾಕಿ ಮೂಲೆಗಳನ್ನು 4 ಮಿಲಿಮೀಟರ್ ತ್ರಿಜ್ಯಕ್ಕೆ ದುಂಡಾಗಿಸಿದೆ. ಕೈಯಿಂದ ಬಾಗು ಎಳೆಯುವುದಕ್ಕಿಂತ ಇದು ಎಷ್ಟೋ ಚೊಕ್ಕಟ. ತಿದ್ದಬೇಕಾದಾಗ ಕೆಳಗಿನ ನೇರ ಗೆರೆ ಹಾಗೆಯೇ ಇರುತ್ತದೆ.

ರಸ್ತೆಗೆ ಎರಡು ಅಂಚು, ನಡುವೆ ಬಿಳಿ, ಹೀಗೆ ಕಾಣಬೇಕಾದರೆ ಎರಡು ಗೆರೆ ಎಳೆಯಬಾರದು. ಒಂದೇ ಗೆರೆಯನ್ನು ದಪ್ಪ ಕಪ್ಪಾಗಿಸಿ, ಕಂಟ್ರೋಲ್ ಮತ್ತು ಡಿ ಒತ್ತಿ ನಕಲು ಮಾಡಿ, ನಕಲನ್ನು ಬಿಳಿ ಮಾಡಿ ತುಸು ಸಪೂರವಾಗಿಸಬೇಕು. ಹೆದ್ದಾರಿಗೆ ಕಪ್ಪು 3.6, ಮೇಲಿನ ಬಿಳಿ 2.8 ಮಿಲಿಮೀಟರ್. ಉಳಿದ ಡಾಂಬರು ರಸ್ತೆಗೆ 2.6 ಮತ್ತು 1.8. ಇಲ್ಲಿ ಕೆಲಸ ಕೆಡುವುದು ಕೂಡುರಸ್ತೆಯಲ್ಲಿ. ಪ್ರತಿ ರಸ್ತೆಯ ಕಪ್ಪು-ಬಿಳಿ ಜೋಡಿಯನ್ನು ಒಂದರ ಮೇಲೊಂದು ಇಟ್ಟರೆ, ಮೇಲಿನ ರಸ್ತೆಯ ಕಪ್ಪು ಅಂಚು ಕೆಳಗಿನದರ ಬಾಯಿಗೆ ಅಡ್ಡ ಬರುತ್ತದೆ. ಸೀತಾಂಗೋಳಿಯ ನಾಲ್ಕು ದಾರಿ ಸೇರುವಲ್ಲಿ ರಸ್ತೆಗೆ ಗೇಟು ಹಾಕಿದಂತೆ ಕಾಣುತ್ತದೆ. ಎಲ್ಲ ರಸ್ತೆಗಳ ಕಪ್ಪನ್ನೂ ಒಂದು ಲೇಯರಿನಲ್ಲಿ ಕೆಳಗಿಟ್ಟು, ಎಲ್ಲ ಬಿಳಿಯನ್ನೂ ಅದರ ಮೇಲಿನ ಲೇಯರಿನಲ್ಲಿ ಇಟ್ಟರೆ ಬಿಳಿ ಬಿಳಿಯೊಂದಿಗೆ ಬೆರೆತು ಕೂಡುರಸ್ತೆ ತಾನಾಗಿ ತೆರೆದುಕೊಳ್ಳುತ್ತದೆ. ಆ ಕ್ಷಣದಲ್ಲಿ ಗೆರೆಗಳ ಗುಂಪು ರಸ್ತೆಯಾಗುವುದನ್ನು ನೋಡುವುದು ಈ ಕೆಲಸದಲ್ಲಿ ನನಗೆ ಅತ್ಯಂತ ಖುಷಿ ಕೊಡುವ ಘಟ್ಟ.

ಗೆರೆಯ ತುದಿಗೂ ಅರ್ಥವಿದೆ. ಸ್ಟ್ರೋಕ್ ಸ್ಟೈಲ್‌ನಲ್ಲಿ ತುದಿಯನ್ನು ಮೊಟಕಾಗಿ ಇಟ್ಟರೆ ಕಪ್ಪು, ಬಿಳಿ ಎರಡೂ ಒಂದೇ ಕಡೆ ನಿಲ್ಲುವುದರಿಂದ ರಸ್ತೆಯ ಬಾಯಿ ತೆರೆದೇ ಇರುತ್ತದೆ, ಮುಂದೆಯೂ ಹೋಗುತ್ತದೆ ಎಂದು ಓದುವವನಿಗೆ ತಿಳಿಯುತ್ತದೆ. ದುಂಡಗೆ ಮಾಡಿದರೆ ಅಗಲವಾದ ಕಪ್ಪು ಹೆಚ್ಚು ಮುಂದಕ್ಕೆ ಚಾಚಿ ಬಾಯಿ ಮುಚ್ಚುತ್ತದೆ. ಮಂಗಳೂರು, ಕಾಸರಗೋಡು, ವಿಟ್ಲದ ಕಡೆಯ ತುದಿಗಳು ತೆರೆದವು. ಮನೆಯ ಅಂಗಳದಲ್ಲಿ ಮುಗಿಯುವ ದಾರಿ ಮುಚ್ಚಿದ್ದು. ರೈಲು ಹಳಿಗೆ ಕಪ್ಪು ಗೆರೆಯ ಮೇಲೆ ತುಂಡು ತುಂಡಾದ ಬಿಳಿ ಗೆರೆ ಸಾಕು, ಕುಂಬಳೆ ನಿಲ್ದಾಣಕ್ಕೊಂದು ಚುಕ್ಕೆ.

ಅಚ್ಚು ಒಂದೇ ಬಣ್ಣದ್ದು, ಕಪ್ಪು. ಭಾರತೀಯ ಸರ್ವೇಕ್ಷಣ ಇಲಾಖೆಯ ನಕ್ಷೆಗಳಲ್ಲಿ ನೀರಿಗೆ ನೀಲಿ, ಕಾಡಿಗೆ ಹಸಿರು, ಡಾಂಬರು ರಸ್ತೆಗೆ ಕೆಂಪು ಎಂದು ಬಣ್ಣವೇ ಅರ್ಧ ಮಾತಾಡುತ್ತದೆ. ನನಗೆ ಆ ಅನುಕೂಲವಿಲ್ಲ. ಹಾಗಾಗಿ ಬರುವ ದಾರಿಯನ್ನು ಪೂರ್ತಿ ಕಪ್ಪು ತುಂಬಿ, ಬೇರೆ ರಸ್ತೆಗಳನ್ನು ಪೊಳ್ಳಾಗಿ ಬಿಟ್ಟೆ. ಹೋಗಬೇಕಾಗಿಲ್ಲದ ರಸ್ತೆಗಳನ್ನು ಹಲವರು ನಕ್ಷೆಯಿಂದ ತೆಗೆದೇಬಿಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದು ಸರಿಯಲ್ಲ. ಕವಲಿನಲ್ಲಿ ಎರಡು ದಾರಿ ಕಾಣುವಾಗ ನಕ್ಷೆಯಲ್ಲಿ ಒಂದೇ ಇದ್ದರೆ, ತಾನು ನಿಂತಿರುವುದು ಇದೇ ಕವಲೋ ಅಲ್ಲವೋ ಎಂದು ಬಂದವನಿಗೆ ಅನುಮಾನ ಹುಟ್ಟುತ್ತದೆ. ತಪ್ಪು ದಾರಿಯ ಒಂದು ಮೊಟಕು ತುಂಡು, ಅದರ ತುದಿಯಲ್ಲಿ ಅದು ಹೋಗುವ ಊರಿನ ಹೆಸರು, ಇಷ್ಟಿದ್ದರೆ ಧೈರ್ಯ ಬರುತ್ತದೆ.

ಕೊನೆಯ ತಿರುವಿನಲ್ಲಿ "ಎಡಕ್ಕೆ ತಿರುಗಿ" ಎಂದು ಬರೆಯಲಿಲ್ಲ. ಮಂಗಳೂರು, ಕಾಸರಗೋಡಿನವರು ಸೀತಾಂಗೋಳಿಯ ಕಡೆಯಿಂದ ಬರುತ್ತಾರೆ, ವಿಟ್ಲದವರು ಬದಿಯಡ್ಕ, ನೀರ್ಚಾಲಿನ ಕಡೆಯಿಂದ. ಒಬ್ಬರ ಎಡ ಇನ್ನೊಬ್ಬರ ಬಲ. "ಟ್ರಾನ್ಸ್‌ಫಾರ್ಮರ್ ಎದುರಿನ ಮಣ್ಣಿನ ದಾರಿ" ಎಂದರೆ ಯಾವ ಕಡೆಯಿಂದ ಬಂದರೂ ಒಂದೇ. ಅಲ್ಲಿಂದ ಇಳಿಜಾರು. ಆ ಇಳಿಜಾರಿನಲ್ಲಿರುವ ಒಂದು ತಿರುವನ್ನು ಮಾತ್ರ ನೇರ ಮಾಡದೆ ಇದ್ದಂತೆಯೇ ಬಿಡಿಸಿದೆ. ಸಪೂರ ದಾರಿ, ಎದುರಿನಿಂದ ವಾಹನ ಬಂದರೆ ಹಿಂದೆ ಸರಿಯಲು ಜಾಗವಿಲ್ಲ. ಕೊಯ್ಲು ಮುಗಿದ ಗದ್ದೆಯಲ್ಲಿ ವಾಹನ ನಿಲುಗಡೆ ಎಂದು ತಿರುವಿಗೆ ಮೊದಲೇ ಒಂದು ಚೌಕ, ಒಳಗೆ ಕಾರಿನ ಚಿತ್ರ. ಅಲ್ಲಿಂದ ಮನೆಗೆ ಕಾಲುದಾರಿ, ಚುಕ್ಕಿ ಗೆರೆ.

ಕುಂಬಳೆಯ ಹೆದ್ದಾರಿ ಭಾಗಕ್ಕೆ ಎಡ ಮೂಲೆಯಲ್ಲಿ ಒಂದು ವೃತ್ತ ಹಾಕಿ ದೊಡ್ಡದಾಗಿ ತೋರಿಸಿದೆ. ಮಂಗಳೂರಿನಿಂದ ತೆಂಕಣಕ್ಕೆ ಬರುವವರಿಗೆ ಬದಿಯಡ್ಕ ರಸ್ತೆ ಎಡಗಡೆಗೇ ಇರುವುದರಿಂದ ಹೆದ್ದಾರಿ ದಾಟುವ ತಾಪತ್ರಯವಿಲ್ಲ. ಶಿರಿಯ ಸೇತುವೆ ದಾಟಿದೊಡನೆ ಎಡ ಪಥಕ್ಕೆ ಬಂದು ಸರ್ವಿಸ್ ರಸ್ತೆಗೆ ಇಳಿಯಬೇಕು. ವೃತ್ತದೊಳಗೆ ಮುಖ್ಯ ಪಥ, ಸರ್ವಿಸ್ ರಸ್ತೆ, ಇಳಿಯುವ ಬಾಯಿ ಮೂರೂ ಬಿಡಿಬಿಡಿಯಾಗಿ ಕಾಣಬೇಕು. ಇಂಕ್‌ಸ್ಕೇಪ್‌ನಲ್ಲಿ ಕ್ಲಿಪ್ ಎಂಬ ಆಯ್ಕೆಯಿಂದ ವೃತ್ತದ ಹೊರಗಿನದನ್ನೆಲ್ಲ ಕತ್ತರಿಸಿದಂತೆ ಮರೆಮಾಡಬಹುದು. ಒಳಗಿನ ಗೆರೆ ಹಾಳಾಗುವುದಿಲ್ಲ.

ಹೆಸರು ಬರೆಯುವ ಕೆಲಸ ನಿಧಾನದ್ದು. ನೋಟೊ ಸಾನ್ಸ್ ಕನ್ನಡ ಆರಿಸಿದೆ, ಬೇರೆ ಬೇರೆ ದಪ್ಪಗಳಲ್ಲಿ ಸಿಗುತ್ತದೆ, ಚಿಕ್ಕ ಗಾತ್ರದಲ್ಲೂ ಒತ್ತಕ್ಷರ ಓದಲು ಬರುತ್ತದೆ. ರಸ್ತೆಯ ಬಾಗಿಗೆ ತಕ್ಕಂತೆ ಹೆಸರನ್ನು ಬಾಗಿಸುವ ಸೌಕರ್ಯ ಇದೆ, ಆದರೆ ಕನ್ನಡಕ್ಕೆ ಅದು ಅಷ್ಟಾಗಿ ಹೊಂದುವುದಿಲ್ಲ. ಗೆರೆ ಗುಡ್ಡದಂತೆ ಉಬ್ಬಿದರೆ ಅಕ್ಷರಗಳ ಬುಡ ಹತ್ತಿರ ಬರುತ್ತದೆ, ಕೆಳಗೆ ಇಳಿದಿರುವ ಒತ್ತುಗಳು ಒಂದಕ್ಕೊಂದು ತಾಗುತ್ತವೆ. "ಉಳಿಯತ್ತಡ್ಕ" ಎಂಬ ಹೆಸರಿನಲ್ಲಿ ತ್ತ, ಡ್ಕ ಅಕ್ಕಪಕ್ಕ ಇವೆ, ಉಬ್ಬಿನ ಮೇಲೆ ಕೂರಿಸಿದಾಗ ಎರಡೂ ಒತ್ತು ಸೇರಿ ಒಂದು ಗಂಟಾಯಿತು. ಎಲ್ಲ ಹೆಸರನ್ನೂ ಅಡ್ಡಕ್ಕೆ ನೇರವಾಗಿಯೇ ಇಟ್ಟೆ. ಕಪ್ಪು ದಾರಿಯ ಪಕ್ಕ ಬರುವ ಹೆಸರುಗಳಿಗೆ ಬಿಳಿ ಅಂಚು ಕೊಟ್ಟು, ಫಿಲ್ (ಒಳಗಿನ ಬಣ್ಣ) ಮತ್ತು ಸ್ಟ್ರೋಕ್‌ನ (ಅಂಚಿನ ಗೆರೆ) ಕ್ರಮವನ್ನು ಬದಲಿಸಿ ಅಂಚನ್ನು ಅಕ್ಷರದ ಹಿಂದೆ ಕಳುಹಿಸಬೇಕು. ಮುಂದಿದ್ದರೆ ಬಿಳಿ ಅಂಚು ಅಕ್ಷರವನ್ನೇ ತಿಂದುಬಿಡುತ್ತದೆ.

ಕಾಞಂಗಾಡು, ಪಯ್ಯನ್ನೂರಿನ ಕಡೆಯ ನೆಂಟರಿಗೆ ಕನ್ನಡ ಓದಲು ಬರುವುದಿಲ್ಲ, ವಿಟ್ಲ, ಪುತ್ತೂರಿನವರಿಗೆ ಮಲಯಾಳಂ ಬರುವುದಿಲ್ಲ. ಆದ್ದರಿಂದ ಹೆಸರುಗಳ ಲೇಯರನ್ನು ನಕಲು ಮಾಡಿ ಇನ್ನೊಂದರಲ್ಲಿ ಮಲಯಾಳಂ ಹಾಕಿದೆ. ಅಕ್ಷರಕ್ಕೆ ಮಂಜರಿ ಫಾಂಟ್. ಮಲಯಾಳಂ ಹೆಸರುಗಳು ಅಗಲಕ್ಕೆ ಹೆಚ್ಚು ಜಾಗ ಬೇಡುತ್ತವೆ, ಕನ್ನಡದವು ಎತ್ತರಕ್ಕೆ. ಮೊದಲೇ ಎರಡಕ್ಕೂ ಸಾಕಾಗುವಷ್ಟು ಎಡೆ ಬಿಟ್ಟಿದ್ದರೆ ಗೆರೆಗಳನ್ನು ಮುಟ್ಟಬೇಕಾಗಿಲ್ಲ. ಲೇಯರುಗಳ ಪಕ್ಕದಲ್ಲಿರುವ ಕಣ್ಣಿನ ಗುರುತಿನಲ್ಲಿ ಒಂದನ್ನು ಮುಚ್ಚಿ ಇನ್ನೊಂದನ್ನು ತೆರೆದರೆ ಎರಡು ನಕ್ಷೆ ಸಿದ್ಧ. ಮಲಯಾಳಂ ಮಾಧ್ಯಮದಲ್ಲಿ ಓದುತ್ತಿರುವ ಅಕ್ಕನ ಮಗಳು ಕಾಗುಣಿತ ನೋಡಿಕೊಟ್ಟಳು.

ಮನೆಯ ಮಗನ ಆಸೆಯಂತೆ ಕ್ಯೂಆರ್ ಕೋಡನ್ನೂ ಸೇರಿಸಿದೆ. ಇಂಕ್‌ಸ್ಕೇಪ್‌ನ ಎಕ್ಸ್‌ಟೆನ್ಶನ್ಸ್‌ನಲ್ಲಿಯೇ ಅದು ಸಿಗುತ್ತದೆ. ಒಳಗೆ ತುಂಬುವ ಲಿಂಕ್ ಚಿಕ್ಕದಾದಷ್ಟೂ ಚೌಕಗಳು ಕಡಿಮೆ, ದೊಡ್ಡವು, ಮಂದ ಬೆಳಕಿನಲ್ಲೂ ಫೋನಿಗೆ ಓದಲು ಸುಲಭ. ಸುತ್ತ ನಾಲ್ಕು ಚೌಕದಷ್ಟು ಬಿಳಿ ಅಂಚು ಬಿಡಲೇಬೇಕು. 18 ಮಿಲಿಮೀಟರ್ ಗಾತ್ರ ಕೊಟ್ಟೆ. ಮನೆಯಿಂದ ಹೊರಡುವಾಗಲೇ ಅದನ್ನು ತೆರೆದು ಇಟ್ಟುಕೊಂಡರೆ ಉಪಯೋಗ.

ಪ್ರೆಸ್ಸಿಗೆ ಕೊಡುವಾಗ ಜಾಗ್ರತೆ ಬೇಕು. ಮೊದಲ ಪ್ರೂಫಿನಲ್ಲಿ, ಅಂದರೆ ತಿದ್ದಲು ಕೊಡುವ ಕರಡು ಅಚ್ಚಿನಲ್ಲಿ, ಒತ್ತಕ್ಷರಗಳೆಲ್ಲ ಒಡೆದು ಬದಿಗೆ ಬಂದಿದ್ದವು, ಅಲ್ಲಿನ ಹಳೆಯ ಪುಟವಿನ್ಯಾಸ ತಂತ್ರಾಂಶಕ್ಕೆ ಯೂನಿಕೋಡ್ ಕನ್ನಡ ಗೊತ್ತಿಲ್ಲ. ಪರಿಹಾರ ಸುಲಭ: ಕಡತದ ಇನ್ನೊಂದು ಪ್ರತಿ ಮಾಡಿ, ಎಲ್ಲ ಅಕ್ಷರವನ್ನೂ ಆಬ್ಜೆಕ್ಟ್ ಟು ಪಾತ್ ಎಂಬ ಆಯ್ಕೆಯಿಂದ ಗೆರೆಯಾಗಿಸಿ ಪಿಡಿಎಫ್ ಕೊಡುವುದು. ಮೂಲ ಕಡತದಲ್ಲಿ ಅಕ್ಷರ ಅಕ್ಷರವಾಗಿಯೇ ಉಳಿದಿರಲಿ, ಇಲ್ಲದಿದ್ದರೆ ಮುಂದೆ ತಿದ್ದಲು ಬರುವುದಿಲ್ಲ. ಇಂಕ್‌ಸ್ಕೇಪ್ ಬಣ್ಣಗಳನ್ನು ಪರದೆಯ ಲೆಕ್ಕದಲ್ಲಿ ಉಳಿಸುವುದರಿಂದ ಕಪ್ಪು ನಾಲ್ಕು ಶಾಯಿಗಳ ಮಿಶ್ರಣವಾಗುವ ಅಪಾಯವಿದೆ. ಬರೀ ಕಪ್ಪು ಶಾಯಿಗೆ ಪರಿವರ್ತಿಸಿ ಎಂದು ಪ್ರೆಸ್ಸಿನವರಿಗೆ ಚೀಟಿ ಬರೆದುಕೊಟ್ಟೆ. ತೀರ ಸಪೂರ ಗೆರೆಗಳನ್ನೂ ನಂಬಬಾರದು. 0.2 ಮಿಲಿಮೀಟರಿಗಿಂತ ಕಡಿಮೆ ಯಾವುದನ್ನೂ ಇಡಲಿಲ್ಲ, ಅರಸಿನ ಬಣ್ಣದ ಒರಟು ಕಾಗದದ ಮೇಲೆ ಅದಕ್ಕಿಂತ ಸಣ್ಣದು ನಿಲ್ಲುವುದಿಲ್ಲ.

ವಾಟ್ಸ್ಆ್ಯಪ್‌ಗೆ ಪಿಎನ್‌ಜಿ ಎಂಬ ಚಿತ್ರದ ಕಡತ ಬೇರೆ. ಚಿತ್ರವಾಗಿ ಕಳುಹಿಸಿದರೆ ಅದು ಹಿಂಡಿ ಸಣ್ಣದು ಮಾಡುತ್ತದೆ, ಡಾಕ್ಯುಮೆಂಟ್ ಆಗಿ ಕಳುಹಿಸಿದರೆ ಹೆಸರುಗಳು ಸ್ಪಷ್ಟ ಇರುತ್ತವೆ.

ಎರಡನೆಯ ಪ್ರೂಫ್ ಬಂದಾಗ ವಿಟ್ಲದ ಭಾವನಿಗೆ ಕೊಟ್ಟು, ಏನೂ ಹೇಳದೆ ಓದಲು ಬಿಟ್ಟೆ. ಅವರು ಕುಂಬಳೆಯ ಕಡೆಯಿಂದ ಎಂದೂ ಬಂದವರಲ್ಲ. ಬೆರಳು ಹೆದ್ದಾರಿಯಿಂದ ಸರ್ವಿಸ್ ರಸ್ತೆಗೆ, ನಾಯ್ಕಾಪು, ಸೀತಾಂಗೋಳಿ ದಾಟಿ ಇಗರ್ಜಿಯವರೆಗೆ ಸರಾಗವಾಗಿ ಬಂತು. ಟ್ರಾನ್ಸ್‌ಫಾರ್ಮರ್ ಹತ್ತಿರ ನಿಂತಿತು. "ಇದರ ಎದುರು ಅಂದರೆ ರಸ್ತೆಯ ಆಚೆ ಬದಿಯೋ, ಪಕ್ಕದಲ್ಲೋ?" ಪ್ರಶ್ನೆ ಸರಿಯಾಗಿತ್ತು. ಗುರುತನ್ನು ರಸ್ತೆಯ ಆಚೆ ಬದಿಗೆ ಇನ್ನೂ 3 ಮಿಲಿಮೀಟರ್ ಸರಿಸಿ, ಮಣ್ಣಿನ ದಾರಿಯ ಬಾಯಿಯನ್ನು ಅದಕ್ಕೆ ನೇರ ಎದುರಾಗಿ ತಂದೆ.

ಈಗ ಉಳಿದಿರುವುದು ಕೂಡುರಸ್ತೆಗಳಲ್ಲಿ ಕಟ್ಟುವ ಬೋರ್ಡುಗಳು. ಕೇರಳದಲ್ಲಿ ಪಿ.ವಿ.ಸಿ. ಫ್ಲೆಕ್ಸ್‌ಗೆ ನಿಷೇಧವಿರುವುದರಿಂದ ಬಟ್ಟೆಯ ಮೇಲೆ ಅಚ್ಚು. ಇದೇ ಕಡತದಿಂದ ಕೊನೆಯ ತಿರುವಿನ ತುಂಡನ್ನು ತೆಗೆದು ದೊಡ್ಡದು ಮಾಡಿದ್ದೇನೆ. ಒಂದು ವ್ಯತ್ಯಾಸ ಮಾತ್ರ: ಪತ್ರಿಕೆಯಲ್ಲಿ ಬಡಗಣ ದಿಕ್ಕು ಮೇಲೆ ಇದ್ದರೆ ಸಾಕು, ಬೋರ್ಡಿನಲ್ಲಿ ಕಾರು ಹೋಗುತ್ತಿರುವ ದಿಕ್ಕು ಮೇಲೆ ಇರಬೇಕು. ಸೀತಾಂಗೋಳಿಯ ಕಡೆಗೆ ಮುಖ ಮಾಡಿದ ಬೋರ್ಡನ್ನು 90 ಡಿಗ್ರಿ ಒಂದು ಕಡೆಗೆ, ನೀರ್ಚಾಲಿನ ಕಡೆಯದನ್ನು 90 ಡಿಗ್ರಿ ಇನ್ನೊಂದು ಕಡೆಗೆ ತಿರುಗಿಸಿ, ಹೆಸರುಗಳನ್ನು ಮತ್ತೆ ನೇರ ಮಾಡಿದ್ದೇನೆ. ಎರಡರ ಹಿಂಬದಿಯಲ್ಲೂ ಯಾವ ಕಂಬಕ್ಕೆ, ಯಾವ ಕಡೆ ಮುಖ ಎಂದು ಪೆನ್ಸಿಲಿನಲ್ಲಿ ಬರೆದು ಮಾವನ ಮನೆಯ ಚಾವಡಿಗೆ ತಲುಪಿಸಬೇಕು, ಕಟ್ಟುವವರು ಹುಡುಗರು.